ಛತ್ರದಲ್ಲಿ ಭೂಮಿ

ಭೂಮಿ ಮುಗಿಯಲು ಸಾವಿರದಲ್ಲಿ ಒಂದು ಪಾಲು ಬಾಕಿ ಇದ್ದಾಗ ಕರೆಂಟು ಹೋಯಿತು.

ಯುಪಿಎಸ್ ಎರಡು ನಿಮಿಷ ಕುಂಯ್‌ಗುಟ್ಟಿ ಸುಮ್ಮನಾಯಿತು. ಕಪ್ಪಾದ ಪರದೆಯಲ್ಲಿ ವೇಣುಗೋಪಾಲ್‌ಗೆ ತನ್ನ ಮುಖ ಕಾಣಿಸಿತು. ಗಂಟೆ ಒಂಬತ್ತೂ ಇಪ್ಪತ್ತು. ಎದುರುಮನೆಯ ಗೋಪಿ ಹಲ್ಲುಜ್ಜುತ್ತಲೇ ಕಿಟಕಿಯತ್ತ ಕೂಗಿದ.

"ಸಾಯಂಕಾಲ ಐದರ ತನಕ ಇಲ್ಲ ಸಾರ್. ತಂತಿ ಮೇಲಿನ ಕೊಂಬೆ ಕಡೀತಾರಂತೆ. ಪೇಪರ್‌ನಾಗೆ ಬಂದಿತ್ತಲ್ಲ, ನೋಡ್ಲಿಲ್ವಾ?"

ನೋಡಿರಲಿಲ್ಲ. ನಾಲ್ಕು ತಿಂಗಳು ಹನ್ನೊಂದು ದಿನದಿಂದ ಅವನು ಪೇಪರು ಬಿಚ್ಚಿರಲಿಲ್ಲ.

ವೇಣುಗೋಪಾಲ್ ಮುಳಬಾಗಿಲಿನ ಒಂದು ಪಿಯು ಕಾಲೇಜಿನಲ್ಲಿ ಭೂಗೋಳದ ಲೆಕ್ಚರರ್. ಹದಿನೆಂಟು ವರ್ಷದಿಂದ ಒಂದೇ ನೋಟ್ಸಿನಿಂದ ಮಾನ್ಸೂನಿನ ಪಾಠ ಮಾಡುತ್ತಿದ್ದ. ಪಾಠದ ನಡುವೆ ಮಳೆ ಬಂದರೆ ತನ್ನ ಮಾತು ಕೇಳಿಸುವುದಿಲ್ಲವೆಂದು ಕಿಟಕಿ ಹಾಕಿಸುತ್ತಿದ್ದ. ಒಂದು ದಿನ ಇದು ಅವನಿಗೇ ವಿಚಿತ್ರವೆನ್ನಿಸಿತು. ಅದೇ ವಾರ ಇಂಟರ್ನೆಟ್ಟಿನಲ್ಲಿ ಒಂದು ಕರೆ ಕಂಡ. ಮುಂದಿನ ಕಾಲದ ಹವಾಮಾನವನ್ನು ಲೆಕ್ಕಹಾಕಲು ಎಲ್ಲೋ ದೂರದ ವಿಜ್ಞಾನಿಗಳಿಗೆ ಸಾವಿರಾರು ಕಂಪ್ಯೂಟರುಗಳು ಬೇಕಿದ್ದವು. ಮನೆಯಲ್ಲಿ ಸುಮ್ಮನೆ ಕೂತಿರುವ ನಿಮ್ಮ ಕಂಪ್ಯೂಟರನ್ನು ನಮಗೆ ದುಡಿಯಲು ಬಿಡಿ ಎಂದಿದ್ದರು. 'ಸುಮ್ಮನೆ ಕೂತಿರುವ' ಎಂಬ ಮಾತು ಅವನಿಗೆ ನಾಟಿತು. ಹೆಸರು ಕೊಟ್ಟ.

ಅವರು ಒಂದು ಭೂಮಿ ಕಳಿಸಿದರು, ಗಾಳಿ ಮಳೆಗಳ ಲೆಕ್ಕದಲ್ಲೇ ಕಟ್ಟಿದ್ದು. ಸಾವಿರದ ಒಂಬೈನೂರ ತೊಂಬತ್ತೊಂದರಿಂದ ಎರಡು ಸಾವಿರದ ಎಂಬತ್ತರವರೆಗೆ ಅದನ್ನು ಹಗಲೂ ಇರುಳೂ ಓಡಿಸುತ್ತಾ ಹೋಗಬೇಕು. ಪರದೆಯ ಮೇಲೆ ಅದು ಮೆಲ್ಲಗೆ ತಿರುಗುತ್ತಿತ್ತು. ತಂಪಿದ್ದಲ್ಲಿ ನೀಲಿ, ಬಿಸಿಯಿದ್ದಲ್ಲಿ ಕೆಂಪು. ಇಡೀ ಕೋಲಾರ ಜಿಲ್ಲೆ, ಚಿತ್ತೂರಿನ ಅರ್ಧ, ಎಲ್ಲ ಸೇರಿ ಒಂದೇ ಚೌಕ. ಆ ಚೌಕದಲ್ಲಿ ಗಾಳಿ ಇತ್ತು, ತೇವ ಇತ್ತು, ಜನ ಮಾತ್ರ ಇರಲಿಲ್ಲ. ಸ್ಟಾಫ್ ರೂಮ್ ಇರಲಿಲ್ಲ. ಅದು ಅವನಿಗೆ ತುಂಬ ಹಿಡಿಸಿತು.

ಸ್ಟಾಫ್ ರೂಮಿನಲ್ಲಿ ಕೆಮಿಸ್ಟ್ರಿಯ ಕದಿರೇಶ್ ಕೇಳಿದ್ದ: "ಏನ್ ಕೊಡ್ತಾರೆ?"

"ಕ್ರೆಡಿಟ್."

"ಕಾರ್ಡಾ?"

"ಅಲ್ಲ. ಬರೀ ಕ್ರೆಡಿಟ್. ಅಂಕ ಇದ್ದ ಹಾಗೆ."

"ಅದ್ರಲ್ಲಿ ಏನ್ ತಗೋಬೋದು?"

"ಏನೂ ಇಲ್ಲ."

ಕದಿರೇಶ್ ತನ್ನ ಡಬ್ಬಿಯಿಂದ ಅರ್ಧ ವಡೆ ಎತ್ತಿ ಕೊಟ್ಟಿದ್ದ.

ಮನೆಯಲ್ಲಿ ಹೆಂಡತಿ ಮುನಿಲಕ್ಷ್ಮಿ ಏನೂ ಕೇಳಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ ದೋಸೆಹಿಟ್ಟು ಹುಳಿ ಬರುವುದಿಲ್ಲ. ಸಿಪಿಯು ಹಿಂಭಾಗದಿಂದ ಸದಾ ಬಿಸಿಗಾಳಿ ಬರುವುದನ್ನು ಕಂಡು ಹಿಟ್ಟಿನ ಪಾತ್ರೆಯನ್ನು ಅಲ್ಲಿ ಇಡತೊಡಗಿದಳು. ಹಿಟ್ಟು ಹೂವಿನಂತೆ ಉಬ್ಬುತ್ತಿತ್ತು. ಜಗತ್ತಿನ ಹವಾಮಾನ ಸಂಶೋಧನೆಯಿಂದ ಮನೆಗಾದ ಲಾಭ ಅದೊಂದೇ.

ಇವತ್ತು ಭಾನುವಾರ ಬೆಳಿಗ್ಗೆ ಅವಳು ರೇಷ್ಮೆಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಚಿಕ್ಕಪ್ಪನ ಮಗ ಚನ್ನರಾಯಪ್ಪನ ಮಗಳು ಧನಶ್ರೀಯ ಮದುವೆ. ಛತ್ರ ಊರಲ್ಲೇ, ಬೈಪಾಸ್ ಹತ್ತಿರ.

"ಬರಲ್ವಾ?"

"ಕೆಲಸ ಇದೆ."

"ಭಾನುವಾರ."

"ಹ್ಞೂಂ."

"ಅಣ್ಣ ಕೇಳ್ತಾನೆ. ಏನ್ ಹೇಳ್ಲಿ?"

"ಜ್ವರ ಅಂತ ಹೇಳು."

"ಯಾರಿಗೆ? ನಿಮಗಾ, ನಿಮ್ಮ ಭೂಮಿಗಾ?"

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಗೇಟಿನ ಸದ್ದು ಕೇಳಿಸಿತು. ಅದಾಗಿ ಮುಕ್ಕಾಲು ಗಂಟೆಗೆ ಕರೆಂಟು ಹೋಗಿತ್ತು.

ಕರೆಂಟು ಹೋದರೆ ಭೂಮಿಗೇನೂ ಆಗುವುದಿಲ್ಲ. ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಈ ಭೂಮಿಗೆ ಗಡುವಿತ್ತು. ಇವತ್ತು ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಅದು ವಾಪಸ್ಸು ತಲುಪದಿದ್ದರೆ, ವೇಣುಗೋಪಾಲ್ ಕೈಬಿಟ್ಟನೆಂದು ತಿಳಿದು ಬೇರೆ ಯಾರಿಗೋ ಮೊದಲಿಂದ ಕೊಡುತ್ತಾರೆ. ಬಾಕಿ ಇದ್ದದ್ದು ಎರಡು ಸಾವಿರದ ಎಂಬತ್ತನೆಯ ಇಸವಿಯ ಡಿಸೆಂಬರ್ ತಿಂಗಳೊಂದೇ. ಮೂರು ಗಂಟೆಯ ಕೆಲಸ.

ವೈರು ಕಿತ್ತು ಸಿಪಿಯುವನ್ನು ಎದೆಗವಚಿಕೊಂಡು ಬೀದಿಗೆ ಬಂದ. ಇನ್ನೂ ಬೆಚ್ಚಗಿತ್ತು.

ಮೂಲೆಯಲ್ಲಿ ಜಾನ್ ಪಾಷಾನ ಆಟೋ ನಿಂತಿತ್ತು.

"ಕೆಟ್ಟೋಯ್ತಾ ಸಾರ್?"

"ಇಲ್ಲ."

"ಮತ್ತೆ ಎಲ್ಲಿಗೆ?"

"ಕರೆಂಟ್ ಇರೋ ಕಡೆ."

ಜಾನ್ ಪಾಷಾ ಗಾಡಿ ಸ್ಟಾರ್ಟ್ ಮಾಡಿ, ಅದನ್ನೊಂದು ವಿಳಾಸವೆಂಬಂತೆ ಒಪ್ಪಿಕೊಂಡ. ಝೆರಾಕ್ಸ್ ಅಂಗಡಿ ಕತ್ತಲು. ಗೆಳೆಯನ ಮೆಡಿಕಲ್ ಸ್ಟೋರು ಕತ್ತಲು. ಬಸ್‌ಸ್ಟ್ಯಾಂಡಿನ ಎದುರಿನ ಬೇಕರಿಯವನು ಮೇಣದಬತ್ತಿ ಹಚ್ಚಿಕೊಂಡು ಪಫ್ಸ್ ಮಾರುತ್ತಿದ್ದ.

"ಅದ್ರಾಗೆ ಏನೈತೆ ಸಾರ್?" ಜಾನ್ ಪಾಷಾ ಹಿಂದೆ ತಿರುಗಿ ಕೇಳಿದ.

"ಹವಾಮಾನ."

"ನಾಳೆ ಮಳೆ ಬತ್ತದಾ?"

"ನಾಳೇದು ಗೊತ್ತಿಲ್ಲ. ಎರಡು ಸಾವಿರದ ಎಂಬತ್ತನೇ ಇಸವಿ ಡಿಸೆಂಬರ್‌ದು ಇವತ್ತು ಗೊತ್ತಾಗುತ್ತೆ."

ಜಾನ್ ಪಾಷಾ ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಅಷ್ಟೊತ್ಗೆ ಈ ಗಾಡಿ ಎಫ್‌ಸಿ ಮುಗ್ದು ಗುಜರಿಗೆ ಹೋಗಿರ್ತದೆ," ಎಂದ. ಆಮೇಲೆ, "ಊರಲ್ಲೆಲ್ಲಾ ಇವತ್ತು ಕರೆಂಟಿರೋದು ಒಂದೇ ಜಾಗ. ಮದ್ವೆ ಛತ್ರ. ಜನರೇಟರ್ ಐತೆ."

ಧನಶ್ರೀಯ ಮದುವೆ ಅಲ್ಲೇ. ಬೇರೆ ಎಲ್ಲಿಯಾದರೂ ಇದೆಯೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಹತ್ತು ಗಂಟೆ ದಾಟಿತ್ತು.

ಛತ್ರದ ಬಾಗಿಲಲ್ಲಿ ಇಬ್ಬರು ಹುಡುಗಿಯರು ಅವನಿಗೂ ಸಿಪಿಯುಗೂ ಪನ್ನೀರು ಚಿಮುಕಿಸಿದರು. ಅವನು ನೀರು ತಾಗದಂತೆ ಬಗ್ಗಿ ಸಿಪಿಯುವನ್ನು ಮೈಯಿಂದ ಮರೆಮಾಡಿದ. ಅಷ್ಟರಲ್ಲಿ ಧನಶ್ರೀಯ ಅಜ್ಜಿ ಮುನಿಯಲ್ಲಮ್ಮ ಎದುರಿಗೆ ಬಂದರು.

"ಬನ್ನಿ ಅಳಿಯಂದ್ರೆ, ಜ್ವರ ಅಂದ್ರಲ್ಲ! ಜ್ವರದಾಗೂ ಬಂದವ್ರೆ ನೋಡಿ ಪಾಪ. ಏನಿದು, ಮಿಕ್ಸಿನಾ?"

"ಅಲ್ಲ, ಇದು..."

"ಗ್ರೈಂಡರ್ರಾ? ಯಾಕೆ ಇಷ್ಟೊಂದು ಮಾಡೋಕೋದ್ರಿ?"

ಅವನು ಬಾಯಿ ತೆರೆಯುವುದರೊಳಗೆ ಅದು ಅವನ ಕೈಯಿಂದ ಹೋಗಿ ಉಡುಗೊರೆಯ ಮೇಜಿನ ಮೇಲೆ, ಮೂರು ಗೋಡೆಗಡಿಯಾರ ಮತ್ತೊಂದು ಕುಕ್ಕರಿನ ನಡುವೆ ಕೂತಿತ್ತು. ಯಾರೋ ನೆತ್ತಿಗೆ ಕುಂಕುಮ ಇಟ್ಟರು. ಇನ್ಯಾರೋ ಸ್ಕೆಚ್ ಪೆನ್ನಿನಲ್ಲಿ ಅದರ ಮೇಲೆ 'ವೇಣುಗೋಪಾಲ್ ಲೆಕ್ಚರರ್ ಕುಟುಂಬ' ಎಂದು ಬರೆದರು. ಚನ್ನರಾಯಪ್ಪ ಓಡಿಬಂದು ಅವನ ಹಣೆ ಮುಟ್ಟಿ ನೋಡಿದ.

"ಸುಡ್ತಾ ಇದೆ ಭಾವ! ಇಂಥಾದ್ರಲ್ಲೂ ಬಂದ್ರಲ್ಲ, ನನಗೆ ಅಷ್ಟೇ ಸಾಕು."

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹಣೆ ನಿಜವಾಗಿಯೂ ಬಿಸಿಯಿತ್ತೇ ಎಂದು ವೇಣುಗೋಪಾಲ್ ತಾನೂ ಮುಟ್ಟಿ ನೋಡಿಕೊಂಡ. ತಿಳಿಯಲಿಲ್ಲ.

ಚನ್ನರಾಯಪ್ಪ ಅತ್ತ ಹೋದದ್ದೇ ತಡ, ವೇಣುಗೋಪಾಲ್ ಮೇಜಿನ ಮೇಲಿದ್ದ ತನ್ನ ಉಡುಗೊರೆಯನ್ನು ತಾನೇ ಕದ್ದು, ವೇದಿಕೆಯ ಹಿಂದಿನ ಇಕ್ಕಟ್ಟಿಗೆ ನುಗ್ಗಿದ. ಅಲ್ಲಿ ಪ್ಲಗ್ಗುಗಳ ಜಾತ್ರೆ. ನಡುವೆ ದಾಡಿ ಬಿಟ್ಟ ಒಬ್ಬಾತ ಲ್ಯಾಪ್‌ಟಾಪಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದ. ಅವನ ಹಿಂದೆ, ವಧೂವರರು ನಿಲ್ಲುವ ಜಾಗದ ಬೆನ್ನಿಗೆ, ಹದಿನೈದು ಅಡಿಯ ಎಲ್ಇಡಿ ಪರದೆ ಕಪ್ಪಗೆ ನಿಂತಿತ್ತು.

"ನಮಸ್ಕಾರ ಸಾರ್. ನಾನು ಅಕ್ರಂ. ನಿಮ್ ಸ್ಟೂಡೆಂಟು, ಆರ್ಟ್ಸ್ ಸೆಕ್ಷನ್. ಫೇಲ್ ಮಾಡಿದ್ರಲ್ಲ?"

"ಯಾಕೆ?"

"ಮಾನ್ಸೂನ್‌ಗೆ ಎಷ್ಟು ಶಾಖೆ ಅಂತ ಕೇಳಿದ್ರಿ. ಅರಬ್ಬೀ ಸಮುದ್ರ ಶಾಖೆ, ಬಂಗಾಳಕೊಲ್ಲಿ ಶಾಖೆ, ಮುಳಬಾಗಿಲು ಶಾಖೆ ಅಂತ ಮೂರು ಬರೆದಿದ್ದೆ." ಅಕ್ರಂ ನಕ್ಕ. ಈಗ ಅವನಿಗೆ ಎರಡು ಎಲ್ಇಡಿ ಪರದೆ, ಒಂದು ಡ್ರೋನ್, ಮಾಲೂರಿನವರೆಗೂ ಗಿರಾಕಿಗಳು. "ಮದುಮಕ್ಕಳ ಹಿಂದೆ ಹಾರ್ಟು ತೇಲಿಸ್ಬೇಕು ಸಾರ್. ಲ್ಯಾಪ್‌ಟಾಪು ಅಪ್ಡೇಟ್ ಅಂತ ಕೂತ್ಬಿಟ್ಟಿದೆ. ನಿಮ್ಮದ್ರಾಗೆ ಏನಾದ್ರೂ ಓಡ್ತದಾ?"

"ಭೂಮಿ."

"ತಿರುಗ್ತದಾ?"

"ತಿರುಗುತ್ತೆ."

"ಸಾಕು ಸಾರ್."

ಹತ್ತೂ ಮುಕ್ಕಾಲಿಗೆ, ಗಟ್ಟಿಮೇಳದ ಹೊತ್ತಿಗೆ ಸರಿಯಾಗಿ, ಹದಿನೈದು ಅಡಿಯ ಭೂಮಿ ವೇದಿಕೆಯ ಮೇಲೆ ಮೂಡಿತು. ಕೆಳಗೆ ಥರ್ಮೋಕೋಲಿನಲ್ಲಿ 'ಧನಶ್ರೀ, ನರೇಶ್' ಎಂದಿತ್ತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಶೇಕಡಾ ೯೯.೯೦. ಸಭೆ ಹೋ ಎಂದಿತು. ಅಕ್ಷತೆ ಎಸೆದವರಲ್ಲಿ ಅರ್ಧ ಜನ ಗುರಿ ತಪ್ಪಿ ದಕ್ಷಿಣ ಅಮೆರಿಕಕ್ಕೆ ಎಸೆದರು.

ಮುನಿಲಕ್ಷ್ಮಿ ಅವನನ್ನು ಕಂಡದ್ದು ಆಗ. ವೇದಿಕೆಯ ಪಕ್ಕದ ಬಟ್ಟೆಯ ತೆರೆ ಸರಿಸಿ ನೋಡಿದಳು. ಅವಳ ಮುಖ ಅರಳಿತು. ಅದು ಹಾಗೆ ಅರಳಿದ್ದನ್ನು ಅವನು ಬಹಳ ವರ್ಷದಿಂದ ನೋಡಿರಲಿಲ್ಲ. ಆಮೇಲೆ ಅವಳ ಕಣ್ಣು ಅವನ ಮಂಡಿಗೆ ಒರಗಿ ಗುಂಯ್‌ಗುಡುತ್ತಿದ್ದ ಪೆಟ್ಟಿಗೆಯ ಮೇಲೆ ಬಿತ್ತು. ನಗೆ ಪೂರ್ತಿ ಹೋಗಲಿಲ್ಲ. ಅರ್ಧಕ್ಕೆ ನಿಂತು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು.

"ನೀವು ಬಂದ್ರಿ ಅನ್ಕೊಂಡೆ."

"ಬಂದಿದೀನಲ್ಲ."

"ಇದು ಬಂದಿದೆ. ನೀವು ಜೊತೆಗೆ ಬಂದಿದೀರಿ."

"ಎರಡು ಗಂಟೆ ಹನ್ನೆರಡು ನಿಮಿಷದೊಳಗೆ ಮುಗಿಯುತ್ತೆ," ಎಂದ.

"ಮುಗಿದ್ಮೇಲೆ?"

ಅದನ್ನು ಅವನು ಯೋಚಿಸಿರಲಿಲ್ಲ. ಮುಗಿದ ಮೇಲೆ ಅವರು ಇನ್ನೊಂದು ಭೂಮಿ ಕಳಿಸುತ್ತಾರೆ ಎಂದು ಹೇಳಲು ಹೋಗಿ ನಾಲಗೆ ಕಚ್ಚಿಕೊಂಡ. ಅವಳು ಸೆರಗು ಸರಿಮಾಡಿಕೊಂಡು ಊಟದ ಹಾಲಿಗೆ ಹೋದಳು.

ಮುಂದಿನ ಮೂರು ಗಂಟೆ ವೇಣುಗೋಪಾಲ್ ಪ್ಲಗ್ಗನ್ನು ಕಾದ. ಅಡಿಗೆಯವರು ಗ್ರೈಂಡರಿಗೆಂದು ಬಂದರು, ಕಳಿಸಿದ. ಮುನಿಯಲ್ಲಮ್ಮ ಮೊಬೈಲ್ ಚಾರ್ಜಿಗೆ ಬಂದು ಇದ್ದುದರಲ್ಲಿ ದಪ್ಪಗಿದ್ದ ಪ್ಲಗ್ಗಿಗೇ ಕೈಹಾಕಿದರು. "ಅಮ್ಮಾ!" ಎಂದು ಅವನು ಕಿರುಚಿದ ರಭಸಕ್ಕೆ ಅವರು ಹೆದರಿ, "ಜ್ವರ ತಲೆಗೇರೈತೆ," ಎಂದು ಹೊರಗೆ ಸುದ್ದಿ ಹಬ್ಬಿಸಿದರು. ಯಾರೋ ಅವನಿಗೆ ಜೀರಿಗೆ ಕಷಾಯ ಕಳಿಸಿದರು. ಕುಡಿದ.

ವೇದಿಕೆಯ ಪಕ್ಕದಿಂದ ಸಭೆಯ ಮಾತು ಕೇಳಿಸುತ್ತಿತ್ತು. ಸಮಭಾಜಕದ ಆಚೀಚೆ ಕೆಂಪು ದಟ್ಟವಾಗುತ್ತಿತ್ತು. ಆಸ್ಟ್ರೇಲಿಯಾ ಕೆಂಡದ ಹಾಗೆ ಹೊಳೆಯುತ್ತಿತ್ತು. "ಬಾಗುಂದಿ, ಬಾಗುಂದಿ," ಎಂದು ತೆಲುಗಿನಲ್ಲಿ ಮೆಚ್ಚಿತು ಒಂದು ಹೆಂಗಸಿನ ದನಿ, "ಟೊಮೇಟೊ ಹಣ್ಣಾಗ್ತಾ ಇದ್ದಂಗೈತೆ." ಶ್ರೀನಿವಾಸಪುರದಿಂದ ಬಂದಿದ್ದ ವರನ ದೊಡ್ಡಪ್ಪ ಮಾವಿನ ಮಂಡಿಯವರು. ಮೊದಲ ಸಾಲಿನಲ್ಲಿ ಕೂತು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಪರೀಕ್ಷಿಸಿದರು.

"ಇದು ಮರದಾಗೆ ಹಣ್ಣಾಗಿದ್ದಲ್ಲ," ಎಂದರು ಕೊನೆಗೆ. "ಪೌಡರ್ ಹಾಕಿ ಹಣ್ಣು ಮಾಡಿರೋದು. ತೊಟ್ಟಿನ ಹತ್ರ ನೋಡಿ, ಇನ್ನೂ ಹಸಿ."

ಸುತ್ತ ಕೂತವರು ಉತ್ತರ ಧ್ರುವವನ್ನು ನೋಡಿ ತಲೆದೂಗಿದರು.

ನಾಲ್ಕು ತಿಂಗಳಲ್ಲಿ ಈ ಭೂಮಿಯನ್ನು ಸರಿಯಾಗಿ ಓದಿದವರು ಅವರೊಬ್ಬರೇ ಎಂದು ವೇಣುಗೋಪಾಲ್‌ಗೆ ಅನ್ನಿಸಿತು. ಎದ್ದುಹೋಗಿ ಅವರ ಪಕ್ಕ ಕೂರಬೇಕೆನ್ನಿಸಿತು. ಆದರೆ ಪ್ಲಗ್ಗು.

ಒಂದೂ ಐವತ್ತಕ್ಕೆ ೯೯.೯೯. ಫೋಟೋಗೆ ನಿಂತವರ ಸಾಲು ಕರಗುತ್ತಾ ಬಂದಿತ್ತು. ಮುಗಿದ ಭೂಮಿ ವಾಪಸ್ಸು ಹೋಗಲೆಂದು ವೇಣುಗೋಪಾಲ್ ಮೊಬೈಲಿನ ನೆಟ್ಟಿನಿಂದ ಕಂಪ್ಯೂಟರಿಗೆ ದಾರಿ ಮಾಡಿಕೊಟ್ಟ. ಇನ್ನು ಡಿಸೆಂಬರ್ ಮೂವತ್ತೊಂದು ಮಾತ್ರ. ಎರಡು ಗಂಟೆಗೆ ಬಟ್ಟೆಯ ತೆರೆ ಸರಿಯಿತು. ಮುನಿಲಕ್ಷ್ಮಿ.

"ಫೋಟೋಗೆ ಕರೀತಿದಾರೆ. ನಾವಿಬ್ರೇ ಬಾಕಿ."

"ಹತ್ತೇ ನಿಮಿಷ."

"ಫೋಟೋದವ್ರು ಊಟಕ್ಕೆ ಹೊರಟ್ರು."

"ನೀನು ನಿಂತ್ಕೋ."

ಅವಳು ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಅವಳ ಬೆರಳು ತಣ್ಣಗಿತ್ತು. ಅಕ್ರಂ, "ಹೋಗಿ ಸಾರ್, ಪ್ಲಗ್ ನಾನು ನೋಡ್ಕೋತೀನಿ," ಎಂದ. ಫೇಲ್ ಮಾಡಿದ ಹುಡುಗನನ್ನು ನಂಬಿ ವೇಣುಗೋಪಾಲ್ ಎದ್ದ.

ವೇದಿಕೆಯ ಮೇಲೆ ಧನಶ್ರೀ, "ಮಾವ, ಜ್ವರ ಬಿಡ್ತಾ?" ಎಂದು ನಕ್ಕಳು. ಅವಳ ಎಡಕ್ಕೆ ಮುನಿಲಕ್ಷ್ಮಿ ನಿಂತಳು. ನರೇಶನ ಬಲಕ್ಕೆ ಅವನನ್ನು ನಿಲ್ಲಿಸಿದರು. ಬೆನ್ನಿಗೆ ಪರದೆಯ ಶಾಖ ಹತ್ತುತ್ತಿತ್ತು. ಮೆಲ್ಲಗೆ ಕತ್ತು ತಿರುಗಿಸಿದ.

"ಸಾರ್, ಹಿಂದೆ ನೋಡ್ಬೇಡಿ," ಎಂದ ಫೋಟೋದವನು. "ಇಲ್ಲಿ. ಇಲ್ಲಿ ನೋಡಿ. ಸ್ವಲ್ಪ ನಗಿ ಸಾರ್."

ಅವನು ಮುಂದೆ ನೋಡಿದ. ಕ್ಯಾಮೆರಾದ ಆಚೆ ಊಟ ಮುಗಿಸಿದ ಜನ ಸಾಲುಸಾಲಾಗಿ ಕೂತಿದ್ದರು. ಒಬ್ಬರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ತಲೆಯ ಹಿಂದಿತ್ತು. ಅಲ್ಲಿ ಏನಾಗುತ್ತಿದೆಯೆಂದು ಅವರ ಮುಖಗಳಲ್ಲೇ ಓದಲು ಹವಣಿಸಿದ. ಯಾರೋ "ಅರೆರೇ" ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಅದು ಮುಗಿದದ್ದಕ್ಕೋ, ಕೆಟ್ಟದ್ದಕ್ಕೋ, ಮದುಮಕ್ಕಳಿಗೋ. ಇನ್ನೊಂದು ತುದಿಯಲ್ಲಿ ಮುನಿಲಕ್ಷ್ಮಿ ನಗುತ್ತಿದ್ದಾಳೋ ಇಲ್ಲವೋ, ನೋಡಲು ಅವನು ತಿರುಗುವಂತಿರಲಿಲ್ಲ.

"ಹಾಗೇ ಇರಿ. ಅಲ್ಲಾಡ್ಬೇಡಿ."

ಅವನು ನಕ್ಕ. ಎದುರಿಗೆ, ಮೊದಲ ಸಾಲಿನಿಂದ ಬಾಗಿಲ ತನಕ, ಮುಖಗಳೆಲ್ಲ ಪರದೆಯ ಬೆಳಕಿಗೆ ಒಂದೇ ಸಮ ಕೆಂಪಗೆ ಬೆಳಗಿದ್ದವು. ಕೈಯಲ್ಲಿ ಐಸ್‌ಕ್ರೀಮಿನ ಸಣ್ಣ ಕಪ್ಪುಗಳು. ಕಣ್ಣು ಕೀಳದೆ ಮೇಲೆ ನೋಡುತ್ತಲೇ, ಕರಗಿ ಹೋಗುವುದರೊಳಗೆ ಮುಗಿಸಬೇಕೆಂದು, ಎಲ್ಲರೂ ಚಪ್ಪಟೆ ಮರದ ಚಮಚದಿಂದ ಬೇಗ ಬೇಗ ಕೆರೆದು ಕೆರೆದು ತಿನ್ನುತ್ತಿದ್ದರು.