ಮುಚ್ಚಿದ ಕಣ್ಣಿನ ಮದುವಣಗಿತ್ತಿ

ತಣ್ಣಗೆ ಏನೋ ಕೆನ್ನೆಗೆ ಅಂಟಿತು, ಚಮಕಿ, ಕೆಂಪೋ ನೀಲಿಯೋ ಕಾಣದು, ಅಜ್ಜಿಯ ಬೆರಳು ಅದನ್ನು ಒತ್ತಿ ಹಿಡಿದಿದೆ, ಮುಖಕ್ಕೆ ಬಳಿದ ಬಿಳಿ ಬಣ್ಣ ಒಣಗಿ ಬಿಗಿಯುತ್ತಿದೆ, ನಗಬಾರದು, ಮಾತಾಡಬಾರದು, ಕಣ್ಣಂತೂ ತೆರೆಯಲೇಬಾರದು — ಗಂಡಿನ ಮನೆ ಮುಟ್ಟಿ, ಮಸೀದಿಯ ಹೋಜಾ ಪ್ರಾರ್ಥನೆ ಮುಗಿಸುವ ತನಕ, ಆಮೇಲೆ ಮದುವಣಿಗ ಫೈಮ್ ಹಾಲಿನಿಂದ ನನ್ನ ಮುಖ ತೊಳೆಯುತ್ತಾನೆ, ಆಗ ಮಾತ್ರ — ಹೊರಗೆ ಡೋಲು, ಹಿಮ ತುಳಿಯುವ ಬೂಟುಗಳ ಸದ್ದು, ನನ್ನ ಬಳುವಳಿಯ ಕಂಬಳಿ ಹಾಸಿಗೆಗಳನ್ನೆಲ್ಲ ಬೀದಿಯಲ್ಲಿ ನೇತುಹಾಕಿದ್ದಾರೆ, ಊರಿಗೆ ಊರೇ ನೋಡುತ್ತಿದೆ, ಇದನ್ನೇ ರಾಜಧಾನಿ ಸೋಫಿಯಾದ ಕಾಲೇಜಿನಲ್ಲಿ ಸರ್ಕಸ್ ಅಂದಿದ್ದೆ, ಅಲ್ಲಿ ನಾನು ನೆಫಿಯೆ ಅಲ್ಲ, ನೀನಾ, ಹೇಳೋಕೆ ಸುಲಭ, ಯಾವ ಊರು, ಯಾವ ದೇವರು ಅಂತ ಯಾರೂ ಕೇಳುವುದಿಲ್ಲ, ಏ ನೀನಾ, ಒಂದೇ ಸಲ ಕಣ್ಣು ಬಿಡೇ, ಫೋಟೊ ಚೆನ್ನಾಗಿ ಬರತ್ತೆ, ಕಲಿನಾ, ಕಾಲೇಜಿನ ಗೆಳತಿ, ಕಿವಿಯ ಹತ್ತಿರವೇ ಪಿಸುಗುಡುತ್ತಿದ್ದಾಳೆ, ಬಿಟ್ಟರೆ ಏನಾಗತ್ತೆ, ಆಕಾಶ ಕಳಚಿ ಬೀಳತ್ತಾ, ಇದು ನನ್ನದೋ, ಬರೀ ವೇಷವೋ, ರೆಪ್ಪೆ ಅದುರುತ್ತಿದೆ, ಬಿಡಲೇ — ಸುಮ್ನಿರಮ್ಮ ಪಟ್ಟಣದವಳೇ, ನಾನು ಕಣ್ಣು ಬಿಟ್ಕೊಂಡೇ ಮದುವೆಯಾದೋಳು, ಏನು ಕಂಡೆ ಗೊತ್ತಾ, ಬಾಗಿಲಲ್ಲಿ ಪೊಲೀಸರನ್ನ, ಅಜ್ಜಿ ನಗುತ್ತಾಳೆ, ಕೋಣೆಯ ಹೆಂಗಸರೆಲ್ಲ ನಗುತ್ತಾರೆ, ಆ ವರ್ಷ ಕಮ್ಯುನಿಸ್ಟ್ ಪಕ್ಷದವರು ಬಣ್ಣ ಬಳಿಯಕೂಡದು ಎಂದರು, ಅಜ್ಜಿಯ ಸಾಲಿಹೆ ಎಂಬ ಮುಸ್ಲಿಂ ಹೆಸರು ಹೊಡೆದುಹಾಕಿ ಸಿಲ್ವಿಯಾ ಎಂದು ಬರೆದರು, ಬರಿ ಮುಖದಲ್ಲೇ ಅವಳು ಗಂಡನ ಮನೆಗೆ ನಡೆದಳು, ಹಾಗಾದರೆ ಈ ಹೂವಿನ ಸಾಲು, ಹುಬ್ಬಿನ ಮೇಲಿನ ಈ ಬಳುಕು, ಇದನ್ನೆಲ್ಲಿ ಕಲಿತಳು, ಯಾರ ಮುಖದ ಮೇಲೆ — ನಮ್ಮಮ್ಮ ರೊಟ್ಟಿ ಹಿಟ್ಟಿನ ಮೇಲೆ ಮಸೂರಕಾಳು ಇಟ್ಟು ತೋರಿಸಿದ್ಲು ಕಣೇ, ಆಮೇಲೆ ಬೇಯಿಸಿ ತಿಂದುಬಿಡ್ತಿದ್ವಿ, ಯಾರು ಬಂದು ಏನು ಹುಡುಕ್ತಾರೆ — ರೊಟ್ಟಿ, ಬರೀ ರೊಟ್ಟಿ, ಪೊಲೀಸರು ಬೆಟ್ಟದ ಈ ಊರನ್ನೆಲ್ಲ ಜಾಲಾಡುತ್ತಿದ್ದಾಗ ನನ್ನ ಈ ಮುಖ ಒಲೆಯಲ್ಲಿ ಬೇಯುತ್ತಿತ್ತು, ಮನೆಮಂದಿ ಅದನ್ನು ಮುರಿದು ಹಂಚಿಕೊಳ್ಳುತ್ತಿದ್ದರು, ನಾನಿನ್ನೂ ಹುಟ್ಟಿರಲಿಲ್ಲ, ನನ್ನಮ್ಮನೂ — ಬೆರಳು ನಿಂತಿತು, ಮುಗೀತು ಕೂಸೇ, ಒಂದು ಕೆಂಪು ಉಳೀತು ನೋಡು, ಅವಳ ಮುಖ ನೋಡಬೇಕು, ಈಗಲೇ ನೋಡಬೇಕು, ಇಲ್ಲ, ಕಣ್ಣು ಬಿಡುವುದಿಲ್ಲ, ಅಂಗೈ ಚಾಚಿದೆ, ಚಮಕಿ ಬಂದು ಕೂತಿತು, ಬೆರಳ ತುದಿಗೆ ಅದನ್ನು ಅಂಟಿಸಿಕೊಂಡು ಕೈ ತಡಕುತ್ತ ಮೇಲೇರುತ್ತದೆ, ಅಜ್ಜಿಯ ಗದ್ದ, ಒದ್ದೆ ಕೆನ್ನೆ, ಅಯ್ಯೋ ಹುಚ್ಚಿ, ಮುದುಕಿಗ್ಯಾಕೇ ಇದು, ಅಂದಳು, ಮುಖ ಮಾತ್ರ ಸರಿಸಲಿಲ್ಲ, ಸುಕ್ಕು, ಇನ್ನೊಂದು ಸುಕ್ಕು, ಹಣೆ, ಇಲ್ಲಿ, ಒತ್ತಿ ಹಿಡಿದಿದ್ದೇನೆ, ಡೋಲು ಬಾಗಿಲಿಗೇ ಬಂತು, ಒತ್ತಿ ಹಿಡಿದೇ ಇದ್ದೇನೆ, ಕತ್ತಲೆಯಲ್ಲಿ ಒಂದು ಕೆಂಪು ಚಮಕಿ, ಕೆಂಪು ಚಮಕಿ —