ಬಾಗಿಲ ಕಡೆಗೆ ಕಾಲು

ಬೆಂಗೇರಿಯ ಓಣಿಯೊಂದರಲ್ಲಿ ದಾನವ್ವ ಎಂಬ ಹೆಣ್ಣುಮಗಳು. ಅವಳು ಬಡಿದ ರೊಟ್ಟಿ ಹುಬ್ಬಳ್ಳಿಯ ಮೂರು ಖಾನಾವಳಿಗಳಿಗೆ ಹೋಗುತ್ತದೆ. ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಎರಡು ತಿಂಗಳಿಂದ ಮತ್ತೆ ರಕ್ತ ಕಾಣತೊಡಗಿತ್ತು. ಯಾರಿಗೂ ಹೇಳಿರಲಿಲ್ಲ. ಸೊಸೆ ಶಾಂಭವಿಗೆ ಹೇಗೋ ಗೊತ್ತಾಗಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಗರ್ಭಚೀಲವನ್ನು ಒಳಗಿನಿಂದ ನೋಡುವ ಸ್ಕ್ಯಾನ್ ಬರೆದುಕೊಟ್ಟರು. ಸ್ಕ್ಯಾನ್ ಕೋಣೆಯಲ್ಲಿ ದಾನವ್ವ ಮಂಚವೇನೋ ಹತ್ತಿದಳು. ‘ಮೊಣಕಾಲು ಮಡಿಸಿ’ ಎಂದದ್ದೇ ತಡ, ಇಳಿದು ಚಪ್ಪಲಿ ಮೆಟ್ಟಿ ಆಟೋ ಹತ್ತಿಬಿಟ್ಟಳು.

ಸಂಜೆ ಎದುರುಮನೆಯ ಸೆಲಿನಕ್ಕ ಬಂದಳು. ಮೂವತ್ತು ವರ್ಷ ನರ್ಸಾಗಿದ್ದವಳು.

“ಏನವಾ, ಸ್ಕ್ಯಾನಿಗೆ ಹೋದಾಕಿ ಓಡಿ ಬಂದೀಯಂತ?”

“ಸುಮ್ಮನಿರ ಯಕ್ಕಾ. ನಾಲ್ಕೂ ಮಕ್ಕಳನ್ನ ಮನ್ಯಾಗ ಹಡದೇನಿ. ಹೊರಗಿನವರ ಮುಂದ ಹಂಗ ಮಲಗಿಲ್ಲ.”

“ಮುಟ್ಟ ನಿಂತ ಮ್ಯಾಲೆ ರಕ್ತ ಬಂದ್ರ ಲಗೂ ತೋರಿಸಬೇಕು. ಏನೂ ಇಲ್ದನೂ ಇರಬಹುದು. ಕ್ಯಾನ್ಸರ್ ಇದ್ದರ?”

ದಾನವ್ವ ಮುಖ ತಿರುಗಿಸಿದಳು. ಸೆಲಿನಕ್ಕ ಮಾತು ಬಿಟ್ಟು, ಅಡುಗೆಮನೆಯಲ್ಲೇ ಚಾಪೆ ಹಾಸಿ ತಾನೇ ಅಂಗಾತ ಮಲಗಿದಳು.

“ನೋಡು. ಮೊದಲ ಮೂತ್ರಾ ಮಾಡಿ ಬರೂದು. ಸೀರಿ ಬಿಚ್ಚೂದಿಲ್ಲ, ಮ್ಯಾಲೆ ಸರಿಸೂದು. ಒಳಚಡ್ಡಿ ಅಷ್ಟ ತಗಿಯೂದು. ಮೊಣಕಾಲ ಮ್ಯಾಲೆ ಚಾದರ ಹೊಚ್ಚತಾರ. ಸೊಂಟದ ಬುಡಕ ಸಣ್ಣ ದಿಂಬು. ಹಿಂಗ ಕಾಲ ಮಡಚಿ, ಮೊಣಕಾಲ ಎರಡೂ ಕಡೆ ಸಡಲ ಬಿಟ್ಟರ ಆತು. ಬೆರಳಿಗಿಂತ ತುಸು ದಪ್ಪ ನಳಿಗಿ, ಹೊಸಾ ಕವಚ ಹಾಕಿ, ಜೆಲ್ ಹಚ್ಚಿ, ಮುಟ್ಟಿನ ದಾರ್ಯಾಗ ಮೆಲ್ಲಕ ಒಳಗ ಬಿಡ್ತಾರ. ಹತ್ತ ನಿಮಿಷದ ಕೆಲಸ. ಉಸುರ ಮಾತ್ರ ಬಿಗಿ ಹಿಡೀಬಾರದು.”

ಚಹಾ ತಂದ ಶಾಂಭವಿ ಗಾಬರಿಯಾದಳು. “ಅಯ್ಯ, ಬಿದ್ರೇನ್ರಿ ಸೆಲಿನಕ್ಕಾರ?”

“ಬಿದ್ದಿಲ್ಲವಾ. ನಿಮ್ಮತ್ತಿಗೆ ಸಾಲಿ ಕಲಿಸಾಕತ್ತೇನಿ!”

ದಾನವ್ವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಾನೂ ಮಲಗಿದಳು. ಮೊಣಕಾಲು ಮಡಿಸಿದಳು. ನಗು ಅಲ್ಲಿಗೇ ನಿಂತಿತು.

“ಯಕ್ಕಾ, ಅಲ್ಲೂ ಹಿಂಗ ಇತ್ತು. ಕಾಲು ಬಾಗಲ ಕಡೆ. ಯಾರರ ಬಾಗಲಾ ತಗದ್ರ ಮೊದಲ ಕಾಣೂದ ನಾನು.”

ಸೆಲಿನಕ್ಕ ಎದ್ದು ಕುಳಿತಳು. ಎಷ್ಟೋ ಹೆಂಗಸರಿಗೆ ‘ಕಾಲ ಮಡಚ್ರಿ’ ಎಂದಿದ್ದಳು. ಯಾವ ಕಡೆಗೆ ಎಂದು ಒಬ್ಬರನ್ನೂ ಕೇಳಿರಲಿಲ್ಲ.

“ಇದನ್ನ ಅಲ್ಲೇ ಯಾಕ ಹೇಳಲಿಲ್ಲ?”

“ಬೈದ್ರ?”

“ಮೈ ನಿಂದು. ಕೇಳು. ಬೈದ್ರ ನಾ ಜೋಡಿ ಇರ್ತೇನಲ್ಲ.”

ಸೋಮವಾರ ಮೂವರೂ ಹೋದರು. ದಾನವ್ವ ಮಂಚದ ಪಕ್ಕ ನಿಂತು, ಸೆರಗು ಹಿಡಿದು, ಒಂದೇ ಉಸಿರಿನಲ್ಲಿ ಹೇಳಿದಳು: “ಡಾಕ್ಟರಬಾಯಾರ, ನನ್ನ ಕಾಲು ಬಾಗಲ ಕಡೆ ಬ್ಯಾಡ್ರಿ.”

ಸ್ಕ್ಯಾನ್ ಮಾಡುವ ಡಾಕ್ಟರು ಒಮ್ಮೆ ಯಂತ್ರ ನೋಡಿದರು, ಒಮ್ಮೆ ಬಾಗಿಲು ನೋಡಿದರು. “ಮಂಚ ಆ ಕಡೆ ತಿರಗಸಾಕ ಬರೂದಿಲ್ರಿ ಅವ್ವ, ಯಂತ್ರದ ವೈರು ಸಾಲೂದಿಲ್ಲ. ತಡೀರಿ.” ತಾವೇ ಎದ್ದು ಚಿಲಕ ಹಾಕಿ, ಕಾಲ ಬಳಿ ಪರದೆ ಎಳೆದರು. “ಈಗ ಚಿಲಕ ನೀವ ಜಗ್ಗಿ ನೋಡ್ರಿ.”

ದಾನವ್ವ ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಮಂಚ ಹತ್ತಿ, ಯಾರೂ ಹೇಳುವ ಮೊದಲೇ ಮೊಣಕಾಲು ಮಡಿಸಿದಳು.

“ನೋವಾದ್ರ ಸಾಕು ಅನ್ರಿ, ನಿಲ್ಲಸ್ತೇನಿ,” ಎಂದರು ಡಾಕ್ಟರು. ಸಾಕು ಎನ್ನುವ ಪ್ರಸಂಗ ಬರಲಿಲ್ಲ. ಯಂತ್ರದ ಪರದೆಯ ಮೇಲೆ ಬೂದು ಮೋಡಗಳು ಸರಿದಾಡುತ್ತಿದ್ದವು. ನಾಲ್ಕು ಮಕ್ಕಳು ಮಲಗಿದ್ದ ಜಾಗವನ್ನು ದಾನವ್ವ ಮೊದಲ ಸಲ ಕಂಡಳು.

ಆ ಮೋಡದೊಳಗೆ ಒಂದು ಗಡ್ಡೆಯೂ ಇತ್ತು. ಅದರ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದೇ ತಿಳಿಯಿತು. ಆದರೆ ಇನ್ನೂ ಗರ್ಭಚೀಲವನ್ನು ದಾಟಿರಲಿಲ್ಲ. ಆಪರೇಷನ್ ಮಾಡಿ ಗರ್ಭಚೀಲ ತೆಗೆದರು. “ಹೊತ್ತಿಗೆ ಸರಿಯಾಗಿ ಬಂದ್ರಿ,” ಎಂದರು ಡಾಕ್ಟರು.

ಓದುತ್ತಿರುವ ಅಕ್ಕ, ನಿಮಗೂ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದೇ ಹನಿಯಾದರೂ, ತಡಮಾಡದೆ ತೋರಿಸಿಕೊಳ್ಳಿ. ಮಲಗುವ ಮೊದಲು ಚಾದರ ಕೇಳಿ, ಪರದೆ ಕೇಳಿ, ಜೊತೆಗೊಬ್ಬ ಹೆಂಗಸು ಇರಲಿ ಎನ್ನಿ. ನಾಚಿಕೆಯಾದರೆ ಯಾವುದಕ್ಕೆ ಎಂದು ಬಾಯಿಬಿಟ್ಟು ಹೇಳಿ. ಎದ್ದು ಮಾತ್ರ ಬರಬೇಡಿ.