ಅಕ್ಕ ಕೇಳುವ ವೇಗ

ನಮ್ಮಕ್ಕನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಕೋಪ ಮಾತ್ರ ಚೆನ್ನಾಗಿ ಬರುತ್ತದೆ. ಅದು ನಮ್ಮ ಮನೆ ಹೆಣ್ಣುಮಕ್ಕಳ ಆಸ್ತಿ, ನನಗೂ ಒಂದು ಪಾಲು ಸಿಕ್ಕಿದೆ. ಅವಳು ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಮೇಜಿನಲ್ಲಿ ಕೆಲಸ ಮಾಡುತ್ತಾಳೆ. ಕರೆ ಬಂದ ಕೂಡಲೇ ಕೀ ಒತ್ತುತ್ತ, ಯಾವ ಡಾಕ್ಟರು ಯಾವ ವಾರ್ಡಿನಲ್ಲಿದ್ದಾರೆ ಎಂದು ಹುಡುಕುತ್ತಾಳೆ. ಪರದೆಯ ಮೇಲಿರುವುದನ್ನು ಒಂದು ಪ್ರೋಗ್ರಾಮ್ ಅವಳ ಕಿವಿಗೆ ಓದಿ ಹೇಳುತ್ತದೆ. ಅದನ್ನು ಮಾಡುವುದು ನಮ್ಮ ಕಂಪನಿ, ಮಾಡುವವರಲ್ಲಿ ನಾನೂ ಒಬ್ಬಳು.

ಆಸ್ಪತ್ರೆಯವರು ಕಂಪ್ಯೂಟರುಗಳನ್ನು ಬದಲಾಯಿಸಿದರು. ನಮ್ಮ ಹಳೆಯ ಆವೃತ್ತಿ ಅವುಗಳಲ್ಲಿ ಜಪ್ಪಯ್ಯ ಅಂದರೂ ಓಡಲಿಲ್ಲ. ಹೊಸದನ್ನು ಕಳಿಸಿದೆವು. ಅಕ್ಕ ಮುಖ ಊದಿಸಿಕೊಂಡು ಮನೆಗೆ ಬಂದಳು.

"ಏನೇ ಮಾಡಿಟ್ಟಿದ್ದೀರ ಅದಕ್ಕೆ? ಕೀ ಒತ್ತಿದ್ರೆ ಯೋಚನೆ ಮಾಡಿ ಬಾಯಿ ಬಿಡುತ್ತೆ. ಆ ಕಡೆ ಜನ ಹಲೋ ಹಲೋ ಅಂತ ಬಡ್ಕೋತಾರೆ."

"ನೋಡ್ತೀನಿ ಅಕ್ಕ."

"ಬೇಗ ನೋಡು. ಸೋಮವಾರ ನಮ್ಮ ವಿಭಾಗದ ಮೇಡಂ ಬಂದು ನನ್ನ ಪಕ್ಕ ನಿಂತ್ಕೋತಾರಂತೆ. ಹೀಗೇ ಇದ್ರೆ ನನ್ನನ್ನ ಒಳಗಡೆ ಕವರ್ ಅಂಟಿಸೋ ಕೆಲಸಕ್ಕೆ ಹಾಕ್ತಾರೆ."

ಕೊನೆಯ ಮಾತಿನಲ್ಲಿ ಕೋಪವೇ ಇರಲಿಲ್ಲ. ನನಗೆ ಹೆದರಿಕೆಯಾಯಿತು.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವನಿಗೆ ನಾವಿಟ್ಟ ಹೆಸರು ಅಂದಾಜು. ಏನೇ ಕೆಟ್ಟರೂ ಅಳೆಯದೆ, ನೋಡದೆ, ಕಾರಣ ಹೇಳುವುದರಲ್ಲಿ ಅವನದು ಎತ್ತಿದ ಕೈ. "ಪದ ಹುಡುಕೋ ಭಾಗಾನೇ ನಿಧಾನ, ನೂರಕ್ಕೆ ನೂರು," ಎಂದು ಅದನ್ನು ಪೂರ್ತಿ ಬದಲಿಸಿ ಬರೆದ. ಅಕ್ಕನಿಗೆ ಕಳಿಸಿದೆವು. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಅವನು ತಕ್ಷಣ ಇನ್ನೊಂದು ಕಾರಣ ಹೇಳಲು ಬಾಯಿ ತೆರೆದ. ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡ.

ಗಾಳಿಯಲ್ಲಿ ಗುಂಡು ಹೊಡೆದದ್ದು ಸಾಕು ಎಂದು ನಾನು ಪ್ರೊಫೈಲರ್ ಹುಡುಕಲು ಕೂತೆ. ಪ್ರೊಫೈಲರ್ ಎಂದರೆ ಪ್ರೋಗ್ರಾಮಿನ ಸಮಯ ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂದು ಅಳೆದು ತೋರಿಸುವ ಸಾಧನ. ಹುಡುಕಿದರೆ ರಾಶಿ ರಾಶಿ ಸಿಕ್ಕವು. ಒಂದು, ಬಣ್ಣಬಣ್ಣದ ಚಿತ್ರ ಬರೆದು ಕೊನೆಗೆ ನಾವು ಬಳಸುವ ಪ್ರೋಗ್ರಾಮಿಂಗ್ ಭಾಷೆಗೆ ತಾನಲ್ಲ ಎಂದಿತು. ಇನ್ನೊಂದು ಅಳೆಯುವ ಭರದಲ್ಲಿ ಪ್ರೋಗ್ರಾಮನ್ನೇ ನಿದ್ದೆಗಣ್ಣಿನಲ್ಲಿ ಮಾತಾಡುವಂತೆ ಮಾಡಿಬಿಟ್ಟಿತು. ನನಗೆ ಬೇಕಾಗಿದ್ದದ್ದು ತೀರಾ ಕೆಳಗೆ ಇಳಿಯುವಂಥದ್ದು: ಪ್ರೊಸೆಸರ್ ಈ ಕ್ಷಣ ಏನು ಮಾಡುತ್ತಿದೆ, ಯಾರಿಗಾಗಿ ಕಾದು ನಿಂತಿದೆ ಎಂದು ಹೇಳುವಂಥದ್ದು. ಅದೂ ಸಿಕ್ಕಿತು. ಆದರೆ ಹಾಗೆ ಕೆಳಗಿಳಿಯಲು ಕಂಪ್ಯೂಟರಿನಲ್ಲಿ ವಿಶೇಷ ಅನುಮತಿ ಬೇಕು. ಅನುಮತಿ ಕೊಡುವವರು ಬೀಗಣ್ಣ. ಯಾವುದಕ್ಕೂ ಬಾಗಿಲು ತೆರೆಯದವರು, ಅದಕ್ಕೇ ಆ ಹೆಸರು.

"ಇದನ್ನ ಕೊಟ್ರೆ ನೀನು ಒಳಗಿರೋದನ್ನೆಲ್ಲ ನೋಡಿಬಿಡ್ತೀಯಲ್ಲಮ್ಮ."

"ನೋಡೋಕೇ ಕೇಳ್ತಿರೋದು ಅಣ್ಣ. ಪೂಸಿ ಹೊಡೆಯೋಕೆ ನನಗೆ ಬರಲ್ಲ. ನಮ್ಮಕ್ಕನ ಕುರ್ಚಿ ಹೋಗುತ್ತೆ."

ಬೀಗಣ್ಣ ಗೊಣಗುತ್ತಲೇ ತೆರೆದರು. ನಾನೂ ಅಂದಾಜೂ ಕೀ ಒತ್ತಿದೆವು, ಧ್ವನಿ ಓದಿತು, ಮತ್ತೆ ಒತ್ತಿದೆವು. ಪ್ರೊಫೈಲರ್ ಎಲ್ಲವೂ ಸರಿಯಾಗಿದೆ ಎಂದಿತು. ಸಂಜೆಯವರೆಗೂ ಅದೇ ಮಾತು. ಇಷ್ಟು ಹುಡುಕಿ ತಂದ ಸಾಧನವೂ ಕೈಕೊಟ್ಟಿತಲ್ಲ ಎಂದು ಹಲ್ಲು ಕಡಿದೆ.

ಶನಿವಾರ ಅಕ್ಕ ಅರ್ಧ ದಿನ ರಜೆ ಹಾಕಿ ಆಫೀಸಿಗೇ ಬಂದಳು. ನಾನು ಬಾ ಎಂದಿರಲಿಲ್ಲ. "ನೀವು ಏನು ಕಡಿದು ಕಟ್ಟೆ ಹಾಕ್ತಿದ್ದೀರ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ," ಎಂದು ನನ್ನ ಕುರ್ಚಿಯಲ್ಲಿ ಕೂತಳು. ಪ್ರೊಫೈಲರ್ ಓಡುತ್ತಲೇ ಇತ್ತು.

ಮೊದಲು ಧ್ವನಿಯ ವೇಗ ಏರಿಸಿದಳು. ಏರಿಸಿದಳು, ಇನ್ನೂ ಏರಿಸಿದಳು. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಜೊತೆಗೆ, ಅವಳು ಯಾವ ಹೆಸರನ್ನೂ ಪೂರ್ತಿ ಹೇಳಲು ಬಿಡುತ್ತಿರಲಿಲ್ಲ. ಮೊದಲ ಅಕ್ಷರ ಕಿವಿಗೆ ಬಿದ್ದರೆ ಸಾಕು, ಬೇಡದ ಹೆಸರಾದರೆ ಮುಂದಿನ ಕೀ. ಹೀಗೆ ಬಾಯಿ ಮುಚ್ಚಿಸುವುದರಲ್ಲಿ ಅವಳಿಗೆ ಹುಟ್ಟಿನಿಂದ ಅಭ್ಯಾಸ.

ಪರದೆಯಲ್ಲಿ ಪ್ರೊಫೈಲರ್ ಎಳೆಯುತ್ತಿದ್ದ, ಅಷ್ಟು ಹೊತ್ತು ತುಂಬಿಕೊಂಡಿದ್ದ ಪಟ್ಟಿಯ ನಡುನಡುವೆ ಖಾಲಿ ಜಾಗ ಕಾಣಿಸಿಕೊಂಡಿತು. ಪ್ರೋಗ್ರಾಮ್ ದುಡಿಯುತ್ತಿರಲಿಲ್ಲ, ಕಾಯುತ್ತಿತ್ತು. ಕೆಳಕೆಳಗೆ ಇಳಿದು ಯಾರಿಗಾಗಿ ಎಂದು ನೋಡಿದೆ. ಹಳೆಯ ಆವೃತ್ತಿ ಧ್ವನಿಯನ್ನು ತುಣುಕು ತುಣುಕಾಗಿ ಸ್ಪೀಕರಿಗೆ ಕೊಡುತ್ತಿತ್ತು. ಹೊಸದರಲ್ಲಿ ಇಡೀ ಸಾಲನ್ನು ಒಟ್ಟಿಗೆ ಕೊಟ್ಟಿದ್ದೆವು. ನಡುವೆ ಕೀ ಒತ್ತಿದರೆ, ಕೊಟ್ಟದ್ದು ಮುಗಿಯುವವರೆಗೆ ಅದು ಸುಮ್ಮನೆ ನಿಂತಿರುತ್ತಿತ್ತು. ನಾವು ಕಣ್ಣಿದ್ದವರು, ಪಾಠ ಕೇಳುವ ಮಕ್ಕಳಂತೆ ಪ್ರತಿ ಸಾಲನ್ನೂ ಕೊನೆಯವರೆಗೆ ಕೇಳಿಯೇ ಪರೀಕ್ಷೆ ಮಾಡಿದ್ದೆವು. ನಡುವೆ ತಡೆಯುವ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ.

"ನಂಗೆ ಮೊದ್ಲೇ ಅನ್ನಿಸಿತ್ತು," ಎಂದ ಅಂದಾಜು. ಅಕ್ಕ ಅವನ ಕಡೆ ತಿರುಗಿ, "ಯಾವತ್ತು?" ಎಂದು ಕೇಳಿದಳು. ಅವನು ಎಲ್ಲರಿಗೂ ಟೀ ತರುತ್ತೇನೆಂದು ಎದ್ದುಹೋದ.

ಕೀ ಒತ್ತಿದ ಕೂಡಲೇ ಉಳಿದ ಧ್ವನಿಯನ್ನು ಎಸೆದುಬಿಡುವಂತೆ ಬರೆದೆ. ದೊಡ್ಡ ಕೆಲಸವೇನಲ್ಲ. ಅಕ್ಕ ಮತ್ತೆ ಕೀ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಅವಳ ಭುಜ ಇಳಿಯಿತು. ಎಷ್ಟು ದಿನದಿಂದ ಬಿಗಿಹಿಡಿದು ಕೂತಿದ್ದಳೋ ಪಾಪ. ನನಗೆ ಅಳುವೇ ಬಂತು, ಆದರೆ ಅವಳ ಮುಂದೆ ಮೂಗು ಎಳೆದರೆ ಗೊತ್ತಾಗಿಬಿಡುತ್ತದೆ. ಆ ಆವೃತ್ತಿಯನ್ನು ಅವತ್ತೇ ಆಸ್ಪತ್ರೆಗೆ ಕಳಿಸಿದೆವು.

ಸೋಮವಾರ ಮಧ್ಯಾಹ್ನ ಅವಳ ಫೋನ್ ಬಂತು. ಹಲೋ ಅನ್ನುವ ಮೊದಲೇ ಕೇಳಿದೆ.

"ಮೇಡಂ ಬಂದಿದ್ರಾ?"

"ಬಂದಿದ್ರು ಕಣೇ. ನನ್ನ ಹಿಂದೇನೇ ನಿಂತಿದ್ರು. ಕರೆ ಮೇಲೆ ಕರೆ, ಒಬ್ರನ್ನೂ ಕಾಯಿಸಲಿಲ್ಲ. ಅವರು ಇನ್ನೂ ನಿಂತೇ ಇದ್ರಲ್ಲ, ಕೊನೆಗೆ ನಾನೇ ಹೇಳ್ದೆ."

"ಏನಂತ?"

"ಬೇರೆ ಕುರ್ಚಿ ತರಿಸ್ಕೊಳ್ಳಿ ಮೇಡಂ, ಇದರಿಂದ ನಾನು ಏಳಲ್ಲ ಅಂತ."